ಪಹಣಿಗೊಂದು ಇಂಟರ್‌ಫೇಸ್

ವಿಷುಯಲ್ ಸ್ಟುಡಿಯೋದಲ್ಲಿ ಹೊಸ ಡಬ್ಲ್ಯುಸಿಎಫ್ ಸೇವೆ ತೆರೆದರೆ ‘ಐಸರ್ವಿಸ್1’ ಎಂಬ ಇಂಟರ್‌ಫೇಸ್ ಸಿದ್ಧವಾಗಿಯೇ ಬರುತ್ತದೆ. ಅದರೊಳಗೆ ‘ಗೆಟ್‌ಡೇಟಾ’ ಎಂಬ ಮೆಥಡ್. ಪೂರ್ಣಾಂಕ ಕೊಟ್ಟರೆ ಸ್ಟ್ರಿಂಗ್ ಮರಳಿಸುತ್ತದೆ. ಅದನ್ನೇ ಚೂರು ತಿದ್ದಿ, ಅದನ್ನು ಇಂಪ್ಲಿಮೆಂಟ್ ಮಾಡುವ ಕ್ಲಾಸಿಗೆ ಡೇಟಾಬೇಸ್ ಕ್ವೆರಿ ತುಂಬಿ, ವೆಬ್ ಸರ್ವಿಸ್ ಮುಗಿಯಿತು ಎನ್ನುವ ಹುಡುಗರು ಬಹಳ. ಓಡುವುದೇನೋ ಓಡುತ್ತದೆ. ಆದರೆ ಕೇಳುವವರು ಯಾರು, ಅವರು ಆ ಉತ್ತರ ನಂಬಿ ಏನು ಮಾಡುತ್ತಾರೆ ಎಂದು ಯೋಚಿಸದೆ ಬರೆದದ್ದು ನನ್ನ ಲೆಕ್ಕದಲ್ಲಿ ಇಂಟರ್‌ಫೇಸ್ ಅಲ್ಲ.

ಈ ವಾರ ಮಾಲೂರು ತಾಲ್ಲೂಕಿನ ಟೇಕಲ್ ಹೋಬಳಿಯ ಒಂದು ಪಹಣಿ ಹಿಡಿದುಕೊಂಡು ಇದನ್ನು ನೋಡೋಣ. ‘ಭೂಮಿ’ ಯೋಜನೆ ಬಂದು, 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿದು, ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪ್ರತಿ ಸಿಗತೊಡಗಿತು. ಆಗ ಕೇಳುವವನೂ ಮನುಷ್ಯ, ಓದುವವನೂ ಮನುಷ್ಯ. ಈಗ ನೋಂದಣಿ ಇಲಾಖೆಯ ‘ಕಾವೇರಿ’, ರೈತರ ಗುರುತಿನ ‘ಫ್ರೂಟ್ಸ್’, ಬ್ಯಾಂಕುಗಳ ತಂತ್ರಾಂಶ ಎಲ್ಲಕ್ಕೂ ಇದೇ ದಾಖಲೆ ಬೇಕು. ಯಂತ್ರ ಯಂತ್ರವನ್ನು ಕೇಳುವಾಗ ನಡುವೆ ನಿಂತು ‘ಇದೇನೋ ಸರಿಯಿಲ್ಲ’ ಎನ್ನುವ ಗುಮಾಸ್ತ ಇರುವುದಿಲ್ಲ. ಆ ಎಚ್ಚರವನ್ನು ಇಂಟರ್‌ಫೇಸೇ ಹೊರಬೇಕು. ಅಭ್ಯಾಸಕ್ಕೆ ನಾವೇ ಒಂದು ಪುಟ್ಟ ಸೇವೆ ಬರೆಯೋಣ. ಮೆಥಡ್ ಎರಡೇ: ಜಮೀನಿನ ವಿವರ ಕೊಡುವುದು, ಜಮೀನಿನ ಮೇಲಿನ ಋಣ ಕೊಡುವುದು. ಕೇಳುವುದು ಬೆಳೆಸಾಲ ಕೊಡುವ ಬ್ಯಾಂಕಿನ ತಂತ್ರಾಂಶ ಎಂದಿಟ್ಟುಕೊಳ್ಳಿ.

ಮೊದಲು ಕೇಳುವ ರೀತಿ. ಊರನ್ನು ಹೆಸರಿನಿಂದ ಕೇಳಬಾರದು. ಹೋಬಳಿ ಟೇಕಲ್, ರೈಲ್ವೆ ಸ್ಟೇಷನ್ ತ್ಯಾಕಲ್. ಊರಿನ ಕೋಡ್ ಕೇಳಿದರೆ ಆ ತಕರಾರೇ ಇಲ್ಲ. ಸರ್ವೆ ನಂಬರನ್ನು ಪೂರ್ಣಾಂಕವಾಗಿ ಇಡುವುದು ಎಲ್ಲರೂ ಬೀಳುವ ಹಳ್ಳ. ಪಹಣಿಯಲ್ಲಿ ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ ಎಂದು ಮೂರು ಭಾಗಗಳಿವೆ. ಸರ್‌ನೋಕ್ ಜಾಗದಲ್ಲಿ ಎಷ್ಟೋ ಕಡೆ ಬರೀ ನಕ್ಷತ್ರದ ಚಿಹ್ನೆ ಇರುತ್ತದೆ, ಹಿಸ್ಸಾದಲ್ಲಿ ಅಕ್ಷರ ಬರುತ್ತದೆ. ಮೂರನ್ನೂ ಬೇರೆಬೇರೆ ಸ್ಟ್ರಿಂಗ್ ಆಗಿ ಕೇಳಿ.

ವಿಸ್ತೀರ್ಣದ ವಿಷಯ ಇನ್ನೂ ಗಂಭೀರ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇದನ್ನು ಡೆಸಿಮಲ್‌ನಲ್ಲಿ ಇಟ್ಟರೆ ಎರಡು ಎಕರೆ ಇಪ್ಪತ್ತು ಗುಂಟೆ 2.20 ಆಗುತ್ತದೆ. ಅದಕ್ಕೆ 1.30 ಕೂಡಿಸಿ ಯಂತ್ರ 3.50 ಎನ್ನುತ್ತದೆ. ಮೂರೂವರೆ ಎಕರೆ ಎಂದು ಬ್ಯಾಂಕು ಓದಿಕೊಳ್ಳುತ್ತದೆ. ಸರಿಯಾದ ಮೊತ್ತ ನಾಲ್ಕು ಎಕರೆ ಹತ್ತು ಗುಂಟೆ. ಮುಕ್ಕಾಲು ಎಕರೆ ಒಂದು ದಶಮಾಂಶ ಬಿಂದುವಿನಲ್ಲಿ ಕರಗಿಹೋಯಿತು! ನನ್ನ ದಾರಿ ಇದು: ಒಳಗೆ ಎಲ್ಲವನ್ನೂ ಆಣೆಯಲ್ಲಿ, ಪೂರ್ಣಾಂಕವಾಗಿ ಇಡುವುದು. ಎಕರೆಗೆ 640 ಆಣೆ. ಹೊರಗೆ ಕೊಡುವಾಗ ಎಕರೆ, ಗುಂಟೆ, ಆಣೆ ಎಂದು ಮೂರು ಅಂಕಿ.

ಖರಾಬು ಮರೆಯಬೇಡಿ. ಟೇಕಲ್ ಕಡೆ ಬಂಡೆಕಲ್ಲಿನ ಸೀಮೆ. ಉಳಲಾಗದ ನೆಲವನ್ನು ಕಳೆದು ಉಳಿಯುವುದೇ ರೈತನ ಪಾಲಿಗೆ ಲೆಕ್ಕ. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಖರಾಬು ಅ, ಖರಾಬು ಬ, ಉಳಿದದ್ದು ಎಂದು ಬೇರೆಬೇರೆ ಬರೆದಿರುವುದು ಅದಕ್ಕೇ. ಇಲ್ಲೊಂದು ತಾಂತ್ರಿಕ ಅಪಾಯವೂ ಇದೆ. ಡಬ್ಲ್ಯುಸಿಎಫ್‌ನಲ್ಲಿ ‘ಡೇಟಾಕಾಂಟ್ರ್ಯಾಕ್ಟ್’ ಎಂದು ಗುರುತು ಹಾಕಿದ ಕ್ಲಾಸಿನಲ್ಲಿ, ಯಾವ ಪ್ರಾಪರ್ಟಿಗೆ ‘ಡೇಟಾಮೆಂಬರ್’ ಗುರುತು ಹಾಕಲು ಮರೆಯುತ್ತೀರೋ ಅದು ಆಚೆ ಹೋಗುವುದೇ ಇಲ್ಲ. ಕಂಪೈಲರ್ ತಡೆಯುವುದಿಲ್ಲ, ಎರರ್ ಬರುವುದಿಲ್ಲ. ಖರಾಬು ಕಳೆದುಹೋದ ಪಹಣಿ ಸುಮ್ಮನೆ ಬ್ಯಾಂಕು ತಲುಪುತ್ತದೆ.

ಇನ್ನು ಎರಡನೇ ಮೆಥಡ್. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣಗಳಿರುತ್ತವೆ. ಇಂಪ್ಲಿಮೆಂಟ್ ಮಾಡುವ ಕ್ಲಾಸಿನಲ್ಲಿ ಡೇಟಾಬೇಸ್ ಸಿಗದಿದ್ದಾಗ ಎಕ್ಸೆಪ್ಷನ್ ಹಿಡಿದು ಖಾಲಿ ಪಟ್ಟಿ ಮರಳಿಸುವವರಿದ್ದಾರೆ. ಪ್ರೋಗ್ರಾಂ ನಿಲ್ಲದಿರಲಿ ಎಂಬುದು ಅವರ ಕಾಳಜಿ. ಆದರೆ ಖಾಲಿ ಪಟ್ಟಿಯ ಅರ್ಥ ‘ಈ ಜಮೀನಿನ ಮೇಲೆ ಸಾಲವಿಲ್ಲ’. ಬ್ಯಾಂಕು ಅದನ್ನೇ ನಂಬಿ, ಆಗಲೇ ಅಡವಿಟ್ಟ ನೆಲದ ಮೇಲೆ ಮತ್ತೊಂದು ಸಾಲ ಬರೆದೀತು. ‘ಋಣವಿಲ್ಲ’, ‘ಇಂಥ ಪಹಣಿಯೇ ಇಲ್ಲ’, ‘ಈಗ ಹೇಳಲಾಗದು’: ಇವು ಮೂರು ಬೇರೆ ಉತ್ತರಗಳು. ಕೊನೆಯ ಎರಡಕ್ಕೂ ಒಂದೊಂದು ಫಾಲ್ಟ್ ಇರಲಿ. ಅವು ಇಂಟರ್‌ಫೇಸಿನಲ್ಲೇ ಕಾಣಲಿ. ವೆಬ್ ಸರ್ವಿಸ್ ಕಲಿಸುವಾಗ ನಾವು ಅತಿ ಕಡಿಮೆ ಹೊತ್ತು ಕೊಡುವುದು ಇದಕ್ಕೇ. ಜನರ ಬದುಕಿಗೆ ಅತಿ ಹತ್ತಿರವಿರುವುದೂ ಇದೇ.

ಇಷ್ಟಾದ ಮೇಲೆ ಇಂಪ್ಲಿಮೆಂಟೇಷನ್ ಕ್ಲಾಸ್ ತೆಳ್ಳಗಿರುತ್ತದೆ. ಕೇಳಿದ್ದನ್ನು ಪರೀಕ್ಷಿಸಿ, ದಾಖಲೆ ತಂದು, ಒಪ್ಪಿದ ರೂಪಕ್ಕೆ ತಂದರೆ ಅದರ ಕೆಲಸ ಮುಗಿಯಿತು. ಟೇಬಲ್ ಹೆಸರು, ಒಳಗಿನ ಐಡಿ ಯಾವುದೂ ಹೊರಗೆ ಇಣುಕಬಾರದು. ಮಾಡ್ಯೂಲಿನ ಒಳಗಿನ ನಿರ್ಧಾರಗಳನ್ನು ಒಳಗೇ ಬಚ್ಚಿಡಬೇಕೆಂದು ಡೇವಿಡ್ ಪಾರ್ನಸ್ 1972ರಲ್ಲೇ ವಾದಿಸಿದ್ದರು. ಆ ಮಾತಿಗೆ ಇಂದಿಗೂ ಮುಪ್ಪು ಬಂದಿಲ್ಲ.

ಟೇಕಲ್, ಮಾಲೂರು, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಐಟಿ ಕಂಪನಿಗಳಿಗೆ ಬರುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಸೇವೆ ಬರೆಯಲು ಕೂರುವ ಮೊದಲು ನಿಮ್ಮ ಮನೆಯ ಪಹಣಿಯೊಂದನ್ನು ತೆಗೆದು 3 ಮತ್ತು 11ನೇ ಕಾಲಂಗಳನ್ನು ಓದಿ. ಅದಕ್ಕೊಂದು ಇಂಟರ್‌ಫೇಸನ್ನು ಕಾಗದದ ಮೇಲೆ ಬರೆದು, ಜಮೀನಿನ ವ್ಯವಹಾರ ಬಲ್ಲ ಮನೆಯ ಹಿರಿಯರಿಗೆ ವಿವರಿಸಿ, ಅವರು ಸರಿ ಎಂದ ಮೇಲೆ ಕೀಬೋರ್ಡ್ ಮುಟ್ಟಿ.