ಕೈಗೆ ತಿಳಿಯುವ ಘರ್ಷಣೆ: ಹಳೆಯ ಮತ್ತು ಹೊಸ ಸ್ಪೋರ್ಟ್ಸ್ ಕಾರುಗಳ ಚಾಲನಾ ಅನುಭವ

ಕಾರುಗಳ ವಿಮರ್ಶೆ ಓದುವವರಿಗೆ ಎರಡು ಮಾತುಗಳು ಚಿರಪರಿಚಿತ. "ಹಳೆಯ ಸ್ಪೋರ್ಟ್ಸ್ ಕಾರಿಗೆ ಜೀವವಿತ್ತು, ಹೊಸದು ನಿರ್ಜೀವ" ಎಂಬುದು ಒಂದು. "ಯಾವ ಅಳತೆಗೋಲು ಹಿಡಿದರೂ ಹೊಸದೇ ಮೇಲು, ಹಳೆಯದನ್ನು ಹೊಗಳುವುದು ಬರೀ ಹಳಹಳಿಕೆ" ಎಂಬುದು ಇನ್ನೊಂದು. ಎರಡು ಪಕ್ಷದವರೂ 'ಚಾಲನಾ ಅನುಭವ' ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಅದು ಏನು, ಎಲ್ಲಿಂದ ಬರುತ್ತದೆ, ಅದನ್ನು ಅಳೆಯಬಹುದೇ ಎಂದು ಕೇಳುವವರು ಕಡಿಮೆ. ಇದು ರುಚಿಯ ಪ್ರಶ್ನೆ ಮಾತ್ರ ಅಲ್ಲ, ಭೌತಶಾಸ್ತ್ರದ ಪ್ರಶ್ನೆ ಎಂಬುದು ಈ ಲೇಖನದ ವಾದ.

ನಮ್ಮ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರು ಅಪರೂಪ, ನಿಜ. ಆದರೆ ಅವುಗಳಲ್ಲಿ ಆದ ಬದಲಾವಣೆಯೇ ನಮ್ಮ ಮನೆಗಳ ಕಾರುಗಳಲ್ಲೂ ಆಗಿದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 'ಡಾಲ್ಫಿನ್' ಎಂಬ ಪುಟ್ಟ ಕಾರನ್ನು ತಯಾರಿಸಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್‌ಗ್ಲಾಸಿನ ಹಗುರ ಮೈ, 848 ಸಿಸಿ ಎಂಜಿನ್, ಎರಡೇ ಬಾಗಿಲು, ಹಿಂಚಕ್ರ ಚಾಲನೆ. ಅದು ಸ್ಪೋರ್ಟ್ಸ್ ಕಾರೆಂದು ಹುಟ್ಟಿದ್ದಲ್ಲ. ಆದರೂ ಹಗುರವಾಗಿದ್ದ ಕಾರಣಕ್ಕೆ ರ‍್ಯಾಲಿಗಳಲ್ಲಿ ಓಡಿತು. 1983ರ ಕೊನೆಯಲ್ಲಿ ಮಾರುತಿ 800 ಬಂದಿತು. ಅದಕ್ಕೆ 12 ಇಂಚಿನ ಸಣ್ಣ ಚಕ್ರಗಳು. ಪವರ್ ಸ್ಟಿಯರಿಂಗ್ ಇರಲಿಲ್ಲ. ಇಂದಿನ ಸಾಧಾರಣ ಕಾರಿಗೂ ವಿದ್ಯುತ್ ಮೋಟಾರಿನ ಸ್ಟಿಯರಿಂಗ್ ಇದೆ, ಟೈರು ಅಗಲವಾಗಿದೆ, ತೂಕ ಹೆಚ್ಚಿದೆ. ಈ ಎರಡು ತಲೆಮಾರುಗಳನ್ನೂ ಓಡಿಸಿದ ಓದುಗರು ನಿಮ್ಮಲ್ಲೇ ಹಲವರಿರಬಹುದು.

ಒಂದೇ ಹೆಸರು, ಎರಡು ಯಂತ್ರ

ಹೋಲಿಕೆಗೆ ಒಂದೇ ಹೆಸರಿನಲ್ಲಿ ದೀರ್ಘಕಾಲ ಬಂದ ಕಾರು ಬೇಕು. ಜರ್ಮನಿಯ ಪೋರ್ಷೆ 911 ಅಂಥದು. 1964ರ ಮಾದರಿಯ ತೂಕ 1080 ಕಿಲೋಗ್ರಾಂ, ಸಾಮರ್ಥ್ಯ 130 ಅಶ್ವಶಕ್ತಿ, ಟೈರಿನ ಅಗಲ 165 ಮಿಲಿಮೀಟರ್. 2019ರ ಕರೆರಾ ಮಾದರಿಯ ತೂಕ 1505 ಕಿಲೋಗ್ರಾಂ, ಸಾಮರ್ಥ್ಯ 385 ಅಶ್ವಶಕ್ತಿ. ಟೈರುಗಳ ಅಗಲ ಮುಂದೆ 235, ಹಿಂದೆ 295 ಮಿಲಿಮೀಟರ್. ಹಳೆಯದರಲ್ಲಿ ಒಂದು ಅಶ್ವಶಕ್ತಿ ಸುಮಾರು 8.3 ಕಿಲೋಗ್ರಾಂ ಹೊರಬೇಕಿತ್ತು, ಹೊಸದರಲ್ಲಿ 3.9 ಕಿಲೋಗ್ರಾಂ ಮಾತ್ರ. ವೇಗದ ಸ್ಪರ್ಧೆಯಲ್ಲಿ ಗೆಲುವು ಯಾರದೆಂದು ಕೇಳುವ ಅಗತ್ಯವೇ ಇಲ್ಲ.

ಸ್ಟಿಯರಿಂಗ್ ಕೂಡ ಮೂರು ಘಟ್ಟಗಳನ್ನು ದಾಟಿದೆ. 1989ರವರೆಗೆ ಚಾಲಕನ ತೋಳಿನ ಬಲವೇ ಚಕ್ರಗಳನ್ನು ತಿರುಗಿಸುತ್ತಿತ್ತು. ಬಳಿಕ ತೈಲದ ಒತ್ತಡದ ನೆರವು ಬಂದಿತು. 2011ರಲ್ಲಿ ತೈಲದ ಜಾಗಕ್ಕೆ ವಿದ್ಯುತ್ ಮೋಟಾರು ಬಂದಿತು. "ಕೈಗೆ ಏನೂ ತಿಳಿಯುತ್ತಿಲ್ಲ" ಎಂದು ಅನೇಕ ವಿಮರ್ಶಕರು ದೂರಿದ್ದು ಈ ಮೂರನೆಯ ಘಟ್ಟದಲ್ಲಿ. ಹಾಗಾದರೆ ಅದಕ್ಕೆ ಮೊದಲು ಕೈಗೆ ತಿಳಿಯುತ್ತಿದ್ದುದು ಏನು?

ಟೈರು ಕಳಿಸುವ ಸಂದೇಶ

ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಚಲಿಸುವ ದಿಕ್ಕಿಗೂ ನಡುವೆ ಸಣ್ಣ ಕೋನವಿರುತ್ತದೆ. ಅದನ್ನು ಜಾರುಕೋನ ಎನ್ನೋಣ. ನೆಲಕ್ಕೆ ತಾಗಿರುವ ರಬ್ಬರನ್ನು ಸಾಲು ಬಿರುಗೂದಲುಗಳೆಂದು ಕಲ್ಪಿಸಿಕೊಳ್ಳಿ. ಮುಂತುದಿಯ ಬಿರುಗೂದಲು ಆಗ ತಾನೇ ನೆಲ ಮುಟ್ಟಿದೆ, ಇನ್ನೂ ಬಾಗಿಲ್ಲ. ಹಿಂದೆ ಸರಿದಂತೆ ಅದು ಹೆಚ್ಚು ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ಪಕ್ಕದ ಬಲ ಹೆಚ್ಚು. ಕಪ್ಪುಹಲಗೆಯ ಮೇಲೆ ಈ ಬಲದ ಹಂಚಿಕೆಯನ್ನು ಬರೆದರೆ ತ್ರಿಕೋನ ಸಿಗುತ್ತದೆ. ಅದರ ಕೇಂದ್ರ ಇರುವುದು ಹಿಂತುದಿಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ, ಅಂದರೆ ತಾಗುನೆಲೆಯ ನಡುಬಿಂದುವಿನಿಂದ ಉದ್ದದ ಆರನೆಯ ಒಂದು ಭಾಗ ಹಿಂದೆ. ಬಲ ನಡುವಿನಿಂದ ಹಿಂದಕ್ಕೆ ಬೀಳುವುದರಿಂದ ಚಕ್ರವನ್ನು ನೇರಗೊಳಿಸುವ ತಿರುಗುಬಲ (ಟಾರ್ಕ್) ಉಂಟಾಗುತ್ತದೆ. ಕೈಗೆ ತಗಲುವ ಮುಖ್ಯ ಸಂದೇಶ ಇದೇ.

ಇನ್ನು ಮುಂದಿನದು ಕುತೂಹಲಕರ. ಜಾರುಕೋನ ಹೆಚ್ಚಿದಂತೆ ಹಿಂತುದಿಯ ಬಿರುಗೂದಲುಗಳು ಮೊದಲು ಹಿಡಿತ ಬಿಟ್ಟು ಜಾರುತ್ತವೆ. ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಪಕ್ಕದ ಬಲ ಇನ್ನೂ ಏರುತ್ತಿರುವಾಗಲೇ ನೇರಗೊಳಿಸುವ ತಿರುಗುಬಲ ಇಳಿಯತೊಡಗುತ್ತದೆ. ಈ ಸರಳ ಮಾದರಿಯಲ್ಲಿ ಲೆಕ್ಕ ಹಾಕಿದರೆ, ಘರ್ಷಣೆ ಕೊಡಬಲ್ಲ ಗರಿಷ್ಠ ಬಲದ ಶೇಕಡಾ 58ರಷ್ಟನ್ನು ಬಳಸಿದಾಗ ತಿರುಗುಬಲ ತನ್ನ ಶಿಖರ ಮುಟ್ಟುತ್ತದೆ. ನಿಜವಾದ ಕಾರಿನಲ್ಲಿ ಚಕ್ರದ ಜೋಡಣೆಯಿಂದ ಬರುವ ತಿರುಗುಬಲವೂ ಸೇರಿ ಈ ಅಂಕಿ ತುಸು ಬದಲಾಗುತ್ತದೆ. ತತ್ತ್ವ ಮಾತ್ರ ಬದಲಾಗದು. ಅಂದರೆ ಕಾರು ಜಾರುವ ಮೊದಲೇ ಸ್ಟಿಯರಿಂಗ್ ಹಗುರವಾಗುತ್ತದೆ. "ಇನ್ನು ಸಾಕು" ಎಂದು ಟೈರು ಕೈಗೆ ಹೇಳುವ ಮಾತಿದು. ಹಳೆಯ ಕಾರಿನ 'ಜೀವ' ಎಂದು ಅಭಿಮಾನಿಗಳು ಕರೆಯುವುದರ ಬಹುಪಾಲು ಈ ಮಾತೇ.

ಟೈರಿನ ಅಗಲಕ್ಕೂ ಇದಕ್ಕೂ ಸಂಬಂಧವಿದೆ. ಒಂದು ಚಕ್ರದ ಮೇಲೆ 3000 ನ್ಯೂಟನ್ ಭಾರ, ಗಾಳಿಯ ಒತ್ತಡ 200 ಕಿಲೋಪಾಸ್ಕಲ್ ಎಂದಿರಲಿ. ತಾಗುನೆಲೆಯ ವಿಸ್ತೀರ್ಣ ಸುಮಾರು 150 ಚದರ ಸೆಂಟಿಮೀಟರ್. ತಾಗುವ ಅಗಲ 12 ಸೆಂಟಿಮೀಟರ್ ಇದ್ದರೆ ಉದ್ದ 12.5, ಬಲದ ಕೇಂದ್ರ ಹಿಂದಕ್ಕೆ ಬೀಳುವ ಅಂತರ ಸುಮಾರು 2.1 ಸೆಂಟಿಮೀಟರ್. ಅಗಲ 20 ಆದರೆ ಉದ್ದ 7.5ಕ್ಕೆ ಇಳಿಯುತ್ತದೆ, ಅಂತರ 1.25ಕ್ಕೆ. ಸನ್ನೆಯ ತೋಳೇ ಗಿಡ್ಡವಾಯಿತು. ಬಲವೊಂದಕ್ಕೆ ಕೈಗೆ ಬರುವ ಸಂದೇಶವೂ ಅದೇ ಪ್ರಮಾಣದಲ್ಲಿ ಸಣ್ಣದಾಯಿತು. ದೂರು ಬರೀ ಭಾವುಕತೆಯಲ್ಲ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಘಟ್ಟದ ತಿರುವಿನಲ್ಲಿ

ಕೈಗಾ ಅಣುವಿದ್ಯುತ್ ಕೇಂದ್ರದ ವಸತಿ ನಗರವಿರುವ ಮಲ್ಲಾಪುರದಿಂದ ಕೈಗಾ ದಾಟಿ ಯಲ್ಲಾಪುರದತ್ತ ಹೋಗುವ ರಸ್ತೆ, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತುವ ಹೆದ್ದಾರಿ ಎರಡೂ ತಿರುವುಗಳಿಂದ ತುಂಬಿವೆ. 30 ಮೀಟರ್ ತ್ರಿಜ್ಯದ ಒಂದು ತಿರುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಣ ನೆಲದಲ್ಲಿ ಹಳೆಯ ಟೈರಿನ ಘರ್ಷಣ ಗುಣಾಂಕ 0.75, ಹೊಸದರದು 1.0 ಎಂದು ಭಾವಿಸಿ. ಘರ್ಷಣ ಗುಣಾಂಕ, ಗುರುತ್ವ ವೇಗೋತ್ಕರ್ಷ, ತ್ರಿಜ್ಯ ಇವುಗಳ ಗುಣಲಬ್ಧದ ವರ್ಗಮೂಲವೇ ಗರಿಷ್ಠ ವೇಗ. ಹಳೆಯ ಕಾರಿಗೆ ಅದು ಗಂಟೆಗೆ ಸುಮಾರು 53 ಕಿ.ಮೀ., ಹೊಸದಕ್ಕೆ 62 ಕಿ.ಮೀ. ಎಚ್ಚರಿಕೆಯ ಸಂದೇಶ ಹಳೆಯದರಲ್ಲಿ ಸುಮಾರು 41 ಕಿ.ಮೀ. ವೇಗದಲ್ಲೇ ಆರಂಭವಾದರೆ ಹೊಸದರಲ್ಲಿ 47 ಕಿ.ಮೀ. ತಲಪಬೇಕು.

ಇಲ್ಲಿಯವರೆಗೆ ಹೊಸದಕ್ಕೇ ಮೇಲುಗೈ. ಈಗ ಆಷಾಢದ ಮಳೆ ಸುರಿಯಲಿ. ನೀರು ಹರಿಯುವ ರಸ್ತೆಯಲ್ಲಿ ಎರಡಕ್ಕೂ ಗುಣಾಂಕ 0.4ಕ್ಕೆ ಇಳಿಯಿತು ಎನ್ನಿ. ಇಬ್ಬರಿಗೂ ಗರಿಷ್ಠ ವೇಗ 39 ಕಿ.ಮೀ., ಸಂದೇಶ ಆರಂಭವಾಗುವುದು ಸುಮಾರು 30 ಕಿ.ಮೀ.ಗೆ. ಬೇಸಿಗೆಯಲ್ಲಿ ಅದೇ ತಿರುವನ್ನು 47ರಲ್ಲಿ ನಿರಾತಂಕವಾಗಿ ದಾಟಿ ರೂಢಿಯಾದ ಚಾಲಕನಿಗೆ ಈಗ ಆ ಸಂದೇಶ ಎಂದಿಗಿಂತ ಹೆಚ್ಚು ಬೇಕು. ಅದು ಅವನ ಕೈಗೆ ತಲಪುವುದೇ ಎಂಬುದು ನಿಜವಾದ ಪ್ರಶ್ನೆ. ಬ್ರೇಕಿನಲ್ಲಿ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ 2019ರಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಹಳೆಯ ಕಾರನ್ನು ಹೊಗಳುವವರು ಈ ರಕ್ಷಣೆಯನ್ನು ಮರೆಯಬಾರದು. ಅದು ಪ್ರಾಣ ಉಳಿಸುತ್ತದೆ. ಆದರೆ ಯಾವ ಎಲೆಕ್ಟ್ರಾನಿಕ್ ಸಾಧನವೂ ಇಲ್ಲದ ಘರ್ಷಣೆಯನ್ನು ಸೃಷ್ಟಿಸಲಾರದು. ಇರುವ ಘರ್ಷಣೆಯನ್ನು ಅದು ಜಾಣತನದಿಂದ ಹಂಚಬಲ್ಲುದು, ಅಷ್ಟೆ.

ಒಣ ರಸ್ತೆಯ ಇನ್ನೊಂದು ಲೆಕ್ಕ: 911ರ ಎರಡು ಮಾದರಿಗಳು ತಮ್ಮ ತಮ್ಮ ಗರಿಷ್ಠ ವೇಗದಲ್ಲಿ ಹಿಡಿತ ತಪ್ಪಿದವೆನ್ನೋಣ. ಹೊಸದರ ಚಲನಶಕ್ತಿ ಹಳೆಯದರ ಸುಮಾರು 1.9 ಪಟ್ಟು. ಮಿತಿ ಏರಿದಷ್ಟೂ ಮಿತಿ ಮೀರಿದಾಗಿನ ಬೆಲೆಯೂ ಏರುತ್ತದೆ.

ಮೋಟಾರು ತಪ್ಪಿತಸ್ಥನೇ?

ವಿದ್ಯುತ್ ಸ್ಟಿಯರಿಂಗ್ ಬಂದಿರುವುದಕ್ಕೆ ಒಳ್ಳೆಯ ಕಾರಣಗಳಿವೆ. ತೈಲದ ಪಂಪನ್ನು ಎಂಜಿನ್ ಸದಾ ತಿರುಗಿಸುತ್ತಿರಬೇಕಿತ್ತು. ಮೋಟಾರು ಬೇಕಾದಾಗ ಮಾತ್ರ ವಿದ್ಯುತ್ ಬಳಸುತ್ತದೆ, ಇಂಧನ ಉಳಿಯುತ್ತದೆ. ಆದರೆ ಮೋಟಾರಿಗೆ ತನ್ನದೇ ಜಡತ್ವವಿದೆ. ಅದು ಸ್ಟಿಯರಿಂಗಿಗಿಂತ 20 ಪಟ್ಟು ವೇಗವಾಗಿ ತಿರುಗುವಂತೆ ಹಲ್ಲುಚಕ್ರಗಳಿದ್ದರೆ, ಅದರ ಜಡತ್ವ ಭ್ರಾಮಕ ಚಾಲಕನ ಕೈಗೆ 20ರ ವರ್ಗದಷ್ಟು, ಅಂದರೆ 400 ಪಟ್ಟು ದೊಡ್ಡದಾಗಿ ತೋರುತ್ತದೆ. ಟೈರಿನ ಪುಟ್ಟ ಪಿಸುಮಾತು ಈ ಜಡತ್ವದಲ್ಲೂ ಹಲ್ಲುಚಕ್ರಗಳ ಘರ್ಷಣೆಯಲ್ಲೂ ಅಡಗಿಹೋಗಬಹುದು.

ಆದರೂ ಮೋಟಾರನ್ನೇ ದೂರುವುದು ಅವಸರದ ತೀರ್ಪು. ರಸ್ತೆಯಿಂದ ಬರುವುದೆಲ್ಲ ಮಾಹಿತಿಯಲ್ಲ. ಹೊಂಡದ ಹೊಡೆತ, ಜಲ್ಲಿಯ ನಡುಕ ಇವು ಗದ್ದಲ. ಹಳೆಯ ಕಾರು ಸಂದೇಶವನ್ನೂ ಗದ್ದಲವನ್ನೂ ಒಟ್ಟಿಗೇ ಕೊಡುತ್ತಿತ್ತು. ಎಷ್ಟೋ ಬಾರಿ ಗದ್ದಲವನ್ನೇ ಜನ 'ಅನುಭವ' ಎಂದು ಮೆಚ್ಚಿದ್ದೂ ಉಂಟು. ಹಿಡಿತದ ಸಂದೇಶ ನಿಧಾನವಾಗಿ ಬದಲಾಗುತ್ತದೆ, ನಡುಕದ ಆವೃತ್ತಿ ಹೆಚ್ಚು. ಆದ್ದರಿಂದ ಒಂದನ್ನು ಉಳಿಸಿ ಇನ್ನೊಂದನ್ನು ಸೋಸುವುದು ತಾತ್ತ್ವಿಕವಾಗಿ ಸಾಧ್ಯ. ಎರಡನ್ನೂ ಒರೆಸಿಹಾಕಿ "ನಯವಾದ ಚಾಲನೆ" ಎಂದು ಮಾರುವುದು ತಯಾರಕರ ಆಯ್ಕೆ. ಟೀಕೆ ಸಲ್ಲಬೇಕಾದದ್ದು ಆ ಆಯ್ಕೆಗೆ.

ಅದಕ್ಕಿಂತ ಹೆಚ್ಚಿನ ಟೀಕೆಗೆ ಅರ್ಹವಾದದ್ದು 'ಸ್ಪೋರ್ಟ್' ಗುಂಡಿ. ಅದನ್ನು ಒತ್ತಿದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಆದರೆ ಭಾರ ಬೇರೆ, ಸ್ಪರ್ಶ ಬೇರೆ. ಎಲ್ಲ ವೇಗದಲ್ಲೂ ಒಂದೇ ಸಮನೆ ಸೇರಿಸಿದ ಬಲ ಏನನ್ನೂ ತಿಳಿಸುವುದಿಲ್ಲ. ಮಾಹಿತಿ ಇರುವುದು ಬಲದ ಬದಲಾವಣೆಯಲ್ಲಿ. ವಿಮರ್ಶಕರಲ್ಲಿ ಅನೇಕರು ಬಿಗಿಯಾದ ಸ್ಟಿಯರಿಂಗನ್ನು 'ಮಾತನಾಡುವ ಸ್ಟಿಯರಿಂಗ್' ಎಂದು ಬರೆದುಬಿಡುತ್ತಾರೆ.

ಸೋಗಿನ ಅನುಭವ

ಸಹಜ ಸಂದೇಶ ಕಡಿಮೆಯಾದಾಗ ಕೃತಕವಾದದ್ದು ಆ ಜಾಗಕ್ಕೆ ಬರುತ್ತದೆ. 2011ರ ಬಿಎಂಡಬ್ಲ್ಯು ಎಂ5 ಕಾರಿನಲ್ಲಿ ಎಂಜಿನ್ನಿನ ಸದ್ದನ್ನು ಒಳಗಿನ ಧ್ವನಿವರ್ಧಕಗಳಿಂದ ಕೇಳಿಸುವ ಏರ್ಪಾಡಿತ್ತು. 2023ರ ಹ್ಯುಂಡೈ ಅಯಾನಿಕ್ 5 ಎನ್ ವಿದ್ಯುತ್ ಕಾರು. ಅದಕ್ಕೆ ಬದಲಾಯಿಸಲು ಗೇರುಗಳೇ ಇಲ್ಲ. ಆದರೂ ಗೇರು ಬದಲಾದಂತೆ ಎಳೆತವನ್ನು ತಡೆದು ನಟಿಸುವ ವ್ಯವಸ್ಥೆಯಿದೆ. ಇದು ಮನರಂಜನೆಯಾಗಿ ಇರಲಿ. ಅನುಭವ ಬೇಕೆಂಬ ಹಂಬಲ ಎಷ್ಟು ಆಳವಾದದ್ದು ಎಂಬುದಕ್ಕೂ ಇದು ಗುರುತು. ಆದರೆ ಈ ಸದ್ದಿಗೂ ತಡೆಗೂ ಟೈರಿನ ಹಿಡಿತದ ಸುದ್ದಿ ಗೊತ್ತಿಲ್ಲ.

ಇದಕ್ಕೆ ವಿರುದ್ಧ ದಾರಿಯಲ್ಲಿ ನಡೆದವರೂ ಇದ್ದಾರೆ. 2013ರಲ್ಲಿ 911 ಜಿಟಿ3 ಮಾದರಿ ಸ್ವಯಂಚಾಲಿತ ಗೇರಿನಲ್ಲಿ ಮಾತ್ರ ಬಂದಿತ್ತು. ಅದು ಮನುಷ್ಯನ ಕೈಗಿಂತ ವೇಗ. ಹಾಗಿದ್ದರೂ 2017ರಲ್ಲಿ ಕೈಗೇರು ಮರಳಿತು. 2012ರಲ್ಲಿ ಟೊಯೋಟಾ ತನ್ನ ಜಿಟಿ86 ಕಾರಿಗೆ ಬೇಕೆಂದೇ 215 ಮಿಲಿಮೀಟರ್‌ನ ಸಾಧಾರಣ ಟೈರು ತೊಡಿಸಿತು. ಹಿಡಿತ ಕಡಿಮೆ, ಆದರೆ ಮಿತಿ ಎಲ್ಲಿದೆ ಎಂಬುದು ಸಾಮಾನ್ಯ ವೇಗದಲ್ಲೇ ತಿಳಿಯುತ್ತದೆ. 2015ರ ಮಾಜ್ದಾ ಎಂಎಕ್ಸ್-5 ತನ್ನ ಹಿಂದಿನ ಪೀಳಿಗೆಗಿಂತ ಹಗುರವಾಗಿ ಬಂದಿತು, ಅದೂ ವಿದ್ಯುತ್ ಸ್ಟಿಯರಿಂಗಿನೊಂದಿಗೆ. ಸ್ಪರ್ಶ ಕಳೆದುಹೋದದ್ದು ಕಾಲದ ಅನಿವಾರ್ಯತೆ ಅಲ್ಲ ಎಂದು ಈ ಕಾರುಗಳು ತೋರಿಸಿವೆ.

ತೀರ್ಪು

ಹಳೆಯ ಸ್ಪೋರ್ಟ್ಸ್ ಕಾರು ಹೆಚ್ಚು ಹೇಳುತ್ತಿತ್ತು, ಕಡಿಮೆ ಕಾಯುತ್ತಿತ್ತು. ಹೊಸದು ಹೆಚ್ಚು ಕಾಯುತ್ತದೆ, ಕಡಿಮೆ ಹೇಳುತ್ತದೆ. ಇವುಗಳಲ್ಲಿ ಒಂದನ್ನೇ ಆರಿಸಬೇಕೆಂಬ ನಿಯಮ ಭೌತಶಾಸ್ತ್ರದಲ್ಲಿಲ್ಲ. ತೂಕ ಇಳಿಸಿ, ಟೈರಿನ ಅಗಲಕ್ಕೆ ಕಡಿವಾಣ ಹಾಕಿ, ಸ್ಟಿಯರಿಂಗಿನಲ್ಲಿ ನಿಜವಾದ ಸಂದೇಶವನ್ನು ಉಳಿಸಿಕೊಂಡ ಕಾರು ಎರಡನ್ನೂ ಮಾಡಬಲ್ಲುದು. ಮುಂದಿನ ಬಾರಿ ಕಾರಿನ ವಿಮರ್ಶೆ ಓದುವಾಗ ಶೂನ್ಯದಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಹಿಡಿತ ತಪ್ಪುವ ಮೊದಲು ಈ ಕಾರು ಚಾಲಕನಿಗೆ ಏನು ಹೇಳುತ್ತದೆ, ಎಷ್ಟು ಬೇಗ ಹೇಳುತ್ತದೆ?

ಅಧ್ಯಾಪಕರಿಗೆ ಒಂದು ಸೂಚನೆ. ವಿದ್ಯಾರ್ಥಿಗಳು ಸೈಕಲ್ಲಿನ ಸೀಟನ್ನು ಮಾತ್ರ ಹಿಡಿದು ಅದನ್ನು ಮುಂದಕ್ಕೆ ತಳ್ಳಲಿ. ಮುಂಚಕ್ರ ತಾನಾಗಿ ನೇರಕ್ಕೆ ಬರಲೆಳಸುವುದನ್ನು ನೋಡಲಿ. ಇಲ್ಲಿ ಕಾರಣ ಚಕ್ರದ ಜೋಡಣೆ: ಹ್ಯಾಂಡಲಿನ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಸೇರುವ ಬಿಂದುವಿಗಿಂತ ಚಕ್ರ ನೆಲ ಮುಟ್ಟುವ ಬಿಂದು ಹಿಂದಿದೆ. ಬಲ ಹಿಂದೆ ಬಿದ್ದರೆ ಚಕ್ರ ನೇರವಾಗುತ್ತದೆ ಎಂಬುದು ಕಣ್ಣಿಗೆ ಕಂಡ ಮೇಲೆ ಟೈರಿನ ತ್ರಿಕೋನವನ್ನು ಹಲಗೆಯ ಮೇಲೆ ಬರೆಯಿರಿ. ನಿಮ್ಮೂರಿನ ಒಂದು ತಿರುವಿನ ತ್ರಿಜ್ಯವನ್ನು ಅಂದಾಜಿಸಿ ಒಣ ರಸ್ತೆಗೂ ಒದ್ದೆ ರಸ್ತೆಗೂ ಗರಿಷ್ಠ ವೇಗದ ಲೆಕ್ಕ ಮಾಡಿಸಿ. ನಾಳೆ ಅವರೇ ಆ ರಸ್ತೆಯಲ್ಲಿ ವಾಹನ ಓಡಿಸುವವರು. 53, 62, 39 ಎಂಬ ಮೂರು ಅಂಕಿಗಳ ನಡುವಣ ವ್ಯತ್ಯಾಸ ಅವರಿಗೆ ತರಗತಿಯಲ್ಲೇ ಮನದಟ್ಟಾಗುವುದು ಒಳ್ಳೆಯದು.