ಗಣಿ ದಿಬ್ಬಕ್ಕೆ ಯಾವ ಹುಲ್ಲು?

ಗಣಿಗಾರಿಕೆ ಮುಗಿಸಿದವರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೂ ಗಿಡಮರಗಳಿಗೂ ಪ್ರಾಣಿಗಳಿಗೂ ಅದು ಒದಗುವಂತಾಗಬೇಕು, ಖರ್ಚೂ ಅವರದೇ. ಹೀಗೆಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಆದೇಶಿಸಿತು. ಸಾಲಾಗಿ ಅಕೇಶಿಯಾ ನೆಟ್ಟು ಅರಣ್ಯೀಕರಣವೆಂದು ಲೆಕ್ಕ ಬರೆಯುವ ನಮ್ಮಲ್ಲಿ, ನ್ಯಾಯಾಲಯ ಹುಲ್ಲಿನ ಮಾತೆತ್ತಿದ್ದೇ ದೊಡ್ಡದು. ದನಕುರಿಗಳ ಮೇವನ್ನು ನೆನೆದದ್ದು ಇನ್ನೂ ದೊಡ್ಡದು.

ಆದರೆ ಆ ಹುಲ್ಲು ಎಷ್ಟು ವರ್ಷ ನಿಲ್ಲಬೇಕು ಎಂಬುದು ಆದೇಶದಲ್ಲಿಲ್ಲ. ನನ್ನ ತಕರಾರು ಇಲ್ಲಿಯೇ. ಅಮೆರಿಕದ 1977ರ ಕಲ್ಲಿದ್ದಲು ಗಣಿ ಕಾಯ್ದೆ, ಬಿತ್ತನೆಯಾದ ಮೇಲೂ 5 ವರ್ಷ ಕಂಪನಿಯನ್ನೇ ಹೊಣೆ ಮಾಡುತ್ತದೆ. ವರ್ಷಕ್ಕೆ 26 ಇಂಚಿಗಿಂತ ಹೆಚ್ಚು ಮಳೆ ಕಾಣದ ಸೀಮೆಯಲ್ಲಾದರೆ 10 ವರ್ಷ. ಅಲ್ಲಿಯತನಕ ಇಟ್ಟ ಭದ್ರತಾ ಠೇವಣಿ ಪೂರ್ತಿ ಕೈಗೆ ಬರುವುದಿಲ್ಲ.

ಬಳ್ಳಾರಿ, ಸಂಡೂರು ಭಾಗದ ಗಣಿಗಳಿಗೆ ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದಲೇ ಪುನಶ್ಚೇತನ ಯೋಜನೆ ಕಡ್ಡಾಯ. ಕಡಿದಾದ ತ್ಯಾಜ್ಯದ ದಿಬ್ಬಗಳ ಮೇಲೆ ತೆಂಗಿನ ನಾರಿನ ಬಲೆ ಹಾಸಿ ಬೀಜ ಎರಚುವುದು ಇಂಥ ಕಡೆಯ ವಾಡಿಕೆ. ಒಳ್ಳೆಯ ಉಪಾಯವೇ. ಆದರೆ ಬಲೆ ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತದೆ. ಅಷ್ಟರೊಳಗೆ ಬೇರು ಮಣ್ಣನ್ನು ಹಿಡಿದಿರಬೇಕು. ದೀನನಾಥ್ ಹುಲ್ಲು ಮೊದಲ ಮಳೆಗಾಲದಲ್ಲೇ ಸೊಂಪಾಗಿ ಎದ್ದು ಫೋಟೊಗೆ ಚೆನ್ನಾಗಿ ಕಾಣುತ್ತದೆ, ಬೀಜ ಕಟ್ಟಿ ಸಾಯುತ್ತದೆ. ಅಂಜನ್ ಹುಲ್ಲು ನಿಧಾನ. ಬೇಸಿಗೆ ದಾಟಿ ಬುಡದಿಂದಲೇ ಚಿಗುರುತ್ತದೆ.

ಇನ್ನೊಂದು ಹುಲ್ಲಿದೆ, ಸಸ್ಯಶಾಸ್ತ್ರದವರು ಹೆಟೆರೊಪೊಗಾನ್ ಎನ್ನುವುದು. ಒಣ ಗುಡ್ಡಗಳಲ್ಲಿ ನಡೆದವರ ಪಂಚೆಗೆಲ್ಲ ಚುಚ್ಚಿಕೊಳ್ಳುವಂಥದು. ಪ್ರತಿ ಬೀಜಕ್ಕೂ ಹಗ್ಗದಂತೆ ಹೊಸೆದ ಕಪ್ಪು ಮುಳ್ಳುಕೂದಲಿನ ಬಾಲ. ನೀರು ಸೋಕಿದರೆ ಹೊಸೆತ ಬಿಚ್ಚಿ ಬಾಲ ಗಿರಗಿರ ತಿರುಗುತ್ತದೆ, ಬೀಜದ ಮೊನೆ ನೆಲದೊಳಕ್ಕೆ ಇಳಿಯುತ್ತದೆ. ಮೇಲ್ಮುಖದ ರೋಮಗಳು ಅದನ್ನು ಹೊರಬರಲು ಬಿಡುವುದಿಲ್ಲ. ಮಳೆಗೆ ಕೊಚ್ಚಿಹೋಗುವ ಇಳಿಜಾರಿಗೆ ಇದಕ್ಕಿಂತ ಒಪ್ಪುವ ಬೀಜ ಯಾವುದು? ಆದರೂ ಇದನ್ನು ಯಾರೂ ಸುಲಭಕ್ಕೆ ಕೊಳ್ಳುವುದಿಲ್ಲ. ಬಾಲಗಳು ಒಂದಕ್ಕೊಂದು ಸಿಕ್ಕು ಬೀಳುತ್ತವೆ, ಹೊಸ ಬೀಜ ತಿಂಗಳುಗಟ್ಟಲೆ ಮೊಳೆಯುವುದಿಲ್ಲ. ಚೀಲದಲ್ಲಿ ಸಿಗುವುದನ್ನೇ ಗುತ್ತಿಗೆದಾರ ತರುತ್ತಾನೆ.

ನೆಲದಲ್ಲೇ ಇದ್ದ ಬೀಜ ಮತ್ತೆ ಮೊಳೆತೀತು ಎನ್ನಲೂ ಆಗದು. ಅಗೆದ ಮೇಲ್ಮಣ್ಣನ್ನು ವರ್ಷಾನುಗಟ್ಟಲೆ ರಾಶಿ ಹಾಕಿಟ್ಟರೆ ಅದರೊಳಗಿನ ಊರ ಹುಲ್ಲಿನ ಬೀಜಗಳೂ ಸಾಯುತ್ತವೆ.

ಹಾಗಾಗಿ ತಪಾಸಣೆ, ಎಲ್ಲ ಹುಲ್ಲೂ ಹಸಿರಾಗಿ ಕಾಣುವ ಸೆಪ್ಟೆಂಬರಿನಲ್ಲಲ್ಲ, ಮೂರನೆಯ ವರ್ಷದ ಏಪ್ರಿಲ್‌ನಲ್ಲಿ ನಡೆಯಲಿ. ಅಂದು ಜೀವಂತ ಬುಡ ಎಷ್ಟಿವೆ ಎಂದು ಎಣಿಸಲಿ. ಮಳೆಗಾಲ ಮುಗಿದ ಮೇಲೆ ಸುತ್ತಲ ಗುಡ್ಡಗಳಲ್ಲಿ ಬೀಜ ಆರಿಸಿಕೊಡುವ ಕುರಿಗಾಹಿಗಳಿಗೆ ಗಣಿ ಕಂಪನಿಗಳು ಕಿಲೋ ಲೆಕ್ಕದಲ್ಲಿ ಹಣ ಕೊಡಲಿ. ಯಾವ ಹುಲ್ಲು ಎಲ್ಲಿ ನಿಲ್ಲುತ್ತದೆಂದು ಬಲ್ಲವರು ಅವರೇ, ಮುಂದೆ ಆ ಮೇವು ಸಲ್ಲಬೇಕಾದದ್ದೂ ಅವರಿಗೇ.