ಒಮ್ಮೆ ಕರಗಿಸಿ, ಟಾರ್ಚ್ ಕೆಳಗಿಡಿ

ಸ್ಟೇನ್‌ಲೆಸ್ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗ್ ಕಲಿಯುವವರಲ್ಲಿ ಒಂದು ಚಟ ಬೇಗ ಬೆಳೆಯುತ್ತದೆ. ಜಾಯಿಂಟ್ ಗಟ್ಟಿಯಾಗಿಯೇ ಕೂತಿರುತ್ತದೆ, ಬೆಸುಗೆಯ ಗೆರೆ, ಅಂದರೆ ಬೀಡ್, ಮಾತ್ರ ಕೊಂಚ ಸೊಟ್ಟ. ಅಷ್ಟಕ್ಕೇ ಅದರ ಮೇಲ್ಮೈಯನ್ನು ಮತ್ತೆ ಕರಗಿಸುತ್ತಾರೆ. ನುಣುಪು ಸಾಲದೆಂದು ಮತ್ತೊಮ್ಮೆ. ಬೀಡ್ ಚೆಂದವಾಗುತ್ತದೆ, ಜಾಯಿಂಟಿನ ಆಯುಸ್ಸು ಕಡಿಮೆಯಾಗುತ್ತದೆ.

ಈ ಉಕ್ಕನ್ನು ತುಕ್ಕಿನಿಂದ ಕಾಯುವುದು ಕ್ರೋಮಿಯಂ. ನಮ್ಮ ವರ್ಕ್‌ಶಾಪುಗಳಲ್ಲಿ ಹೆಚ್ಚು ಓಡಾಡುವ 304 ಗ್ರೇಡಿನಲ್ಲಿ ಅದು ಸುಮಾರು ಶೇ 18ರಷ್ಟಿರುತ್ತದೆ. ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ತಾನಾಗಿ ಮತ್ತೆ ಮೂಡುತ್ತದೆ, ಅಡಿಯಲ್ಲಿ ಸಾಕಷ್ಟು ಕ್ರೋಮಿಯಂ ಉಳಿದಿದ್ದರೆ.

ಅತಿ ಶಾಖ ಕಸಿಯುವುದು ಅದನ್ನೇ. ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಇದ್ದರೆ, ಉಕ್ಕಿನೊಳಗಿನ ಇಂಗಾಲ ಕ್ರೋಮಿಯಂ ಜೊತೆ ಸೇರಿ ಲೋಹದ ಹರಳುಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಅಂಚಿನ ಪಕ್ಕದ ಲೋಹ ರಕ್ಷಣೆಯಿಲ್ಲದೆ ಉಳಿಯುತ್ತದೆ. ಆಮೇಲೆ ತುಕ್ಕು ಬರುವುದು ಬೀಡಿನ ಮೇಲಲ್ಲ, ಅದರ ಪಕ್ಕದಲ್ಲಿ, ಗೆರೆ ಎಳೆದ ಹಾಗೆ. ಪ್ರತಿ ಸಲ ಕರಗಿಸಿದಾಗಲೂ ಬೀಡಿನ ಪಕ್ಕದ ಆ ಪಟ್ಟಿ ಇದೇ ಶಾಖವನ್ನು ಹಾಯಬೇಕು. ಹಾನಿ ಕೂಡುತ್ತಾ ಹೋಗುತ್ತದೆ. ಇಂಗಾಲ ಶೇ 0.03 ಮೀರದ 304ಎಲ್ ಆರಿಸಿದರೆ ಈ ಭಯ ಬಹಳ ಕಡಿಮೆ.

ಬೆಸುಗೆಯ ಬಣ್ಣವನ್ನೂ ಓದಿ. ತೆಳು ಹುಲ್ಲುಬಣ್ಣ ಬಂದರೆ ಶಾಖ ಹಿಡಿತದಲ್ಲಿದೆ. ಕಡುನೀಲಿ, ಬೂದು, ಕಪ್ಪು ಬಂದರೆ ಅಳತೆ ಮೀರಿದೆ. ಪೈಪಿನ ಒಳಗೆ ಆರ್ಗಾನ್ ತುಂಬಿಸದಿದ್ದರೆ ಹಿಂಬದಿ ಸುಟ್ಟ ಸಕ್ಕರೆಯಂತೆ ಕಪ್ಪಗೆ ತರಿತರಿಯಾಗುತ್ತದೆ; ಕೊಳೆ, ನೀರು ನಿಲ್ಲುವುದು ಅಲ್ಲೇ. ಮೈಲ್ಡ್ ಸ್ಟೀಲಿಗಿಂತ ಈ ಸ್ಟೇನ್‌ಲೆಸ್ ಸ್ಟೀಲ್ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಶಾಖವನ್ನು ಮಾತ್ರ ಮೂರನೇ ಒಂದರಷ್ಟೇ ಸಾಗಿಸುತ್ತದೆ. ಹಾಗಾಗಿ ಕಾಯಿಸಿದ ಜಾಗದಲ್ಲೇ ಬಿಸಿ ಕೂತು ತಗಡು ಡೊಂಕಾಗುತ್ತದೆ.

ಸಂದಿಲ್ಲದಂತೆ ಜೋಡಿಸಿ, ಟ್ಯಾಕ್ ಹಾಕಿ, ಆಂಪಿಯರ್ ತಗ್ಗಿಸಿ, ಕೈ ನಿಲ್ಲಿಸದೆ ಸಾಗಿ. ಇನ್ನೊಂದು ಪಾಸ್ ಬೇಕೇ ಬೇಕಿದ್ದರೆ ಮೊದಲು ಆರಲು ಬಿಡಿ. ತೂತು, ಬಿರುಕು ಕಂಡರೆ ಅದರ ಮೇಲೇ ಕರಗಿಸಬೇಡಿ. ಗ್ರೈಂಡ್ ಮಾಡಿ ತೆಗೆದು, ಫಿಲ್ಲರ್ ಕೊಟ್ಟು ಹೊಸದಾಗಿ ಹಾಕಿ. ಉಜ್ಜಲು ಸ್ಟೇನ್‌ಲೆಸ್ ಬ್ರಷ್ಷನ್ನೇ ಬಳಸಿ. ಹೈಡ್ರೋಫ್ಲೋರಿಕ್ ಆಮ್ಲವಿರುವ ಪಿಕ್ಲಿಂಗ್ ಪೇಸ್ಟನ್ನು ಮಾತ್ರ ಮನೆಗೆ ತರಬೇಡಿ. ಆ ಕೆಲಸ ಬಲ್ಲವರಿಗೇ ಇರಲಿ.

ಬೀಡ್ ಕೊಂಚ ಸೊಟ್ಟಗಿದ್ದರೆ ಇರಲಿ ಬಿಡಿ. ಕೈಯನ್ನು ಬೇರೆ ತುಂಡಿನ ಮೇಲೆ ಪಳಗಿಸಿ, ಆದ ಜಾಯಿಂಟಿನ ಮೇಲೆ ಬೇಡ.